ಗಾಜಿನ ಮೇಲಿಟ್ಟ ಕೈ

ನಾನು ಒಂದು ಫೋಟೋ ಚೌಕಟ್ಟು. ನಿಮ್ಮ ಮನೆಯ ಚೌಕಟ್ಟುಗಳು ಮದುವೆಯ ಜೋಡಿಯನ್ನೋ ತೀರಿಹೋದ ಅಜ್ಜನನ್ನೋ ಹಿಡಿದುಕೊಂಡು ಕೂತಿರುತ್ತವೆ. ನನ್ನೊಳಗೆ ಇದ್ದವರು ರೋಮಾಪುರಿಯ ಪೋಪ್ ಜಗದ್ಗುರುಗಳು. ಆದ್ದರಿಂದ ನನ್ನ ಮಾತಿನಲ್ಲಿ ಕೊಂಚ ಜಂಬ ಕಂಡರೆ ಕ್ಷಮಿಸಬೇಕು.

ನಾನು ಹುಟ್ಟಿದ್ದು ಬೆಂಗಳೂರಿನ ಶಿವಾಜಿನಗರದ ಒಂದು ಗಲ್ಲಿಯಲ್ಲಿ. ಖಾದರ್ ಸಾಬರು ಎಂಬ ವಯಸ್ಸಾದ ಬಡಗಿ ತೇಗದ ಪಟ್ಟಿಯನ್ನು ಕೊಯ್ದು, ನಾಲ್ಕು ಮೂಲೆ ಕೂಡಿಸಿ, ಗಾಜು ಕೂರಿಸಿದರು. "ಇದು ನನಗಿಂತ ಜಾಸ್ತಿ ದಿನ ಬದುಕುತ್ತೆ ಫಾದರ್" ಎಂದು ನನ್ನನ್ನು ಒಬ್ಬ ಪಾದ್ರಿಯ ಕೈಗಿತ್ತರು. ಅವರು ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕಲ್ಲುಪಾಳ್ಯಕ್ಕೆ ತಂದರು. ಅದು ಕನ್ನಡ ಮಾತಾಡುವ ಕಥೋಲಿಕರ ಊರು. ಚರ್ಚಿನ ಪಕ್ಕದ ಶಾಲೆಯ ದೊಡ್ಡ ಕೋಣೆಯಲ್ಲಿ, ಬಾಗಿಲ ಮೇಲಿನ ಮೊಳೆ ನನ್ನ ಮನೆಯಾಯಿತು.

ಮೇಲಿನಿಂದ ನೋಡುವವರಿಗೆ ಮುಖಕ್ಕಿಂತ ನೆತ್ತಿಯೇ ಹೆಚ್ಚು ಕಾಣುತ್ತದೆ. ಊರಿನವರನ್ನೆಲ್ಲ ನಾನು ನೆತ್ತಿ ನೋಡಿಯೇ ಗುರುತು ಹಿಡಿಯುತ್ತಿದ್ದೆ. ಒಬ್ಬ ಪೋಪ್ ತೀರಿಕೊಂಡಾಗ ಬೆನ್ನಿನ ಮೊಳೆ ಕಿತ್ತು ಹೊಸಬರ ಚಿತ್ರ ಸೇರಿಸುತ್ತಿದ್ದರು. ಹಳಬರನ್ನು ಎಸೆಯಲು ಯಾರಿಗೂ ಮನಸ್ಸು ಬಾರದೆ ಹೊಸಬರ ಹಿಂದೆಯೇ ಬಿಟ್ಟುಬಿಡುತ್ತಿದ್ದರು.

ಶಾಲೆಯ ಆಯಾ ಆರೋಗ್ಯಮ್ಮ ಶನಿವಾರ ಶನಿವಾರ ಸ್ಟೂಲು ಹತ್ತಿ ನನ್ನ ಗಾಜು ಒರೆಸುತ್ತಿದ್ದಳು. ನಮ್ಮೂರ ಸಾಹುಕಾರ ಇನ್ನಾಸಪ್ಪನ ಕಲ್ಲು ಕ್ವಾರಿಯಲ್ಲಿ ಬಂಡೆ ಸಿಡಿಸಲು ಶುರುಮಾಡಿದ ಮೇಲೆ ಶಾಲೆಯ ಬಾವಿ ಬತ್ತಿತ್ತು. ಅವಳು ಒಂದು ಮೈಲಿ ಆಚೆಯಿಂದ ಮಕ್ಕಳಿಗೆ ನೀರು ತರುತ್ತಿದ್ದಳು. ಕೊಡ ಹೊತ್ತು ಹೊತ್ತು ಅವಳ ನೆತ್ತಿಯ ಕೂದಲು ಸವೆದಿತ್ತು. ಹಾಗಂತ ಕ್ವಾರಿಯನ್ನು ಬಯ್ಯುವ ಹಾಗೂ ಇರಲಿಲ್ಲ. ಅವಳ ಒಬ್ಬನೇ ಮಗ ರಾಯಪ್ಪ ಅಲ್ಲೇ ಟಿಪ್ಪರ್ ಓಡಿಸುತ್ತಿದ್ದ.

ಒಂದು ವರ್ಷ ಇನ್ನಾಸಪ್ಪ ಎಲೆಕ್ಷನ್ನಿಗೆ ನಿಂತ. ನಮ್ಮ ಜನದವನೊಬ್ಬ ವಿಧಾನಸೌಧಕ್ಕೆ ಹೋಗುತ್ತಾನೆಂದು ಊರೆಲ್ಲ ಬೀಗಿತು. ಅವನ ಬಂಟ ಜೋಜಪ್ಪನಿಗೆ ಮಾತ್ರ ಬರೀ ಬೀಗಿದರೆ ಸಾಲದು, ಆಣೆ ಬೇಕು. ಚರ್ಚಿನ ಶಿಲುಬೆ ಕೇಳಲು ಹೋದ.

"ಓಟಿಗೆ ಆಣೆ ಹಾಕಿಸೋದು ಪಾಪ ಕಣಯ್ಯ" ಎಂದು ಫಾದರ್ ಅರುಳಪ್ಪ ಚರ್ಚಿಗೆ ಬೀಗ ಹಾಕಿದರು.

ಜೋಜಪ್ಪ ನೇರ ಶಾಲೆಗೆ ಬಂದು ನನ್ನನ್ನು ಇಳಿಸಿಕೊಂಡ. ಮೂರು ದಿನ ಮನೆಮನೆ ತಿರುಗಿದೆ. ಸಿಮೆಂಟು ಮೆತ್ತಿದ ಕೈ, ರಾಗಿಹಿಟ್ಟಿನ ಕೈ, ಜ್ವರದಲ್ಲಿ ಸುಡುವ ಕೈ ನನ್ನ ಗಾಜಿನ ಮೇಲೆ ಬಂದು ಕೂತವು. ಮನುಷ್ಯರ ಮಾತಿಗೆ ಅಷ್ಟು ಭಾರ ಇರುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ನಾನು ದಂಗಾಗಿಹೋದೆ.

ಆರೋಗ್ಯಮ್ಮನ ಮನೆಯಲ್ಲಿ ಜೋಜಪ್ಪ ಹೇಳಿದ, "ನಿಮ್ ರಾಯಪ್ಪ ಇನ್ನಾಸಪ್ಪೋರ ಗಾಡಿ ಓಡಿಸ್ತಾವ್ನೆ ಅಲ್ವಾ ಅತ್ತೆ? ಅವನ ಮೇಲೇ ಆಣೆ ಇಟ್ಬಿಡು."

ಅವಳು ಸೆರಗಿಗೆ ಕೈ ಒರೆಸಿಕೊಂಡು ಗಾಜಿನ ಮೇಲಿಟ್ಟಳು. "ನನ್ ಮಗನ ಆಣೆಗೂ ಇನ್ನಾಸಪ್ಪಂಗೇ ಓಟು ಹಾಕ್ತೀನಿ."

ಭಾನುವಾರದ ಹೊತ್ತಿಗೆ ನಾನು ಮೊಳೆಗೆ ವಾಪಸ್ಸಾಗಿದ್ದೆ. ಪೂಜೆಯಲ್ಲಿ ಫಾದರ್ ಪೋಪರ ಹೊಸ ಪತ್ರ ಓದಿದರು. ಚರ್ಚಿನ ಮೈಕಿನ ಹಾರ್ನಿನಿಂದ ನನಗೂ ಕೇಳಿಸಿತು. ಬೆಟ್ಟ ಒಡೆದು ಬಡವರ ನೀರು ಬತ್ತಿಸುವವರು ದೇವರ ಮನೆಯನ್ನೇ ಕೆಡವುತ್ತಾರೆ ಎಂದಿತ್ತು ಅದರಲ್ಲಿ. ಎಲ್ಲೋ ಸಮುದ್ರದಾಚೆ ಕೂತವರಿಗೆ ನಮ್ಮ ಶಾಲೆಯ ಬಾವಿ ಹೇಗೆ ಕಂಡಿತೋ, ನನಗೆ ಮೈ ಜುಮ್ಮೆಂದಿತು.

ಮಾರನೆಯ ದಿನ ಇನ್ನಾಸಪ್ಪನ ಜೀಪು ಶಾಲೆಯ ಮುಂದೆ ನಿಂತಿತು. "ರೋಮಿನ ಮುದುಕಂಗೆ ನಮ್ಮೂರ ಕಲ್ಲಿನ ಇಚಾರ ಏನ್ ಗೊತ್ತು? ಜಪ ಮಾಡ್ಕೊಂಡು ಇರ್ಲಿ" ಎಂದು ಮೈಕಿನಲ್ಲಿ ನಕ್ಕ.

ಊರು ಒಡೆಯಿತು. "ಜಗದ್ಗುರುಗಳನ್ನೇ ಆಡ್ಕೊಂಡೋನಿಗೆ ಓಟಾ?" ಎಂದರು ಕೆಲವರು. "ಪೂಜೆ ಬೇರೆ, ಓಟು ಬೇರೆ. ಕ್ವಾರಿ ನಿಂತ್ರೆ ಉಣ್ಣೋದೇನು? ಏನಾದ್ರೂ ನಮ್ಮೋನು" ಎಂದರು ಬೇರೆಯವರು. ಎರಡು ಕಡೆಯವರೂ ನನ್ನ ಮೇಲೆ ಕೈಯಿಟ್ಟು ಮಾತು ಕೊಟ್ಟವರೇ.

ಆರೋಗ್ಯಮ್ಮ ಜಗಳಕ್ಕೆ ಹೋಗಲಿಲ್ಲ. ಶನಿವಾರ ನನ್ನನ್ನು ಒರೆಸುತ್ತಿದ್ದಾಗ ಒಳಗೆ ಬಂದ ಫಾದರನ್ನು ಸ್ಟೂಲಿನ ಮೇಲಿಂದಲೇ ಕೇಳಿದಳು. "ಆಣೆ ತಪ್ಪಿದ್ರೆ ನನ್ ಮಗನಿಗೆ ಏನಾದ್ರೂ ಆತದಾ ಸ್ವಾಮಿ?"

"ಬಲವಂತವಾಗಿ ಇಡಿಸಿದ ಆಣೆಯನ್ನ ದೇವರು ಲೆಕ್ಕಕ್ಕಿಡಲ್ಲಮ್ಮ. ಯಾರಿಗೆ ಹಾಕು ಅಂತ ನಾನು ಹೇಳಲ್ಲ. ಅದು ನಿನ್ನ ಮನಸ್ಸಾಕ್ಷಿ."

"ನೀವು ಹೇಳ್ತೀರಿ ಸ್ವಾಮಿ. ಗಾಡಿ ಓಡ್ಸೋನು ನನ್ ಮಗ" ಎಂದು ಅವಳು ಬಟ್ಟೆ ಹಿಂಡಿದಳು.

ಮತದಾನದ ಬೂತು ನನ್ನ ಕೋಣೆಯಲ್ಲೇ. ಗೋಡೆಯ ಮೇಲೆ ಈ ಪಟ ಇರಕೂಡದು ಎಂದರು ಅಧಿಕಾರಿ. ಆರೋಗ್ಯಮ್ಮ ನನ್ನನ್ನು ಇಳಿಸಿ ಕೈಗೆ ಸಿಕ್ಕ ಪೇಪರಿನಲ್ಲಿ ಸುತ್ತಿ ಬೀರುವಿನ ಮೇಲಿಟ್ಟಳು. ನನ್ನ ಗ್ರಹಚಾರಕ್ಕೆ ಆ ಪೇಪರಿನ ತುಂಬ ಕೈಮುಗಿದ ಇನ್ನಾಸಪ್ಪ. ದಿನವೆಲ್ಲ ನಾನೂ ಜಗದ್ಗುರುಗಳೂ ಅವನ ಮುಖದ ಹಿಂದೆಯೇ ಇದ್ದೆವು.

ಕಣ್ಣಿಗೆ ಏನೂ ಕಾಣದು, ಕಿವಿಗೆ ಓಟಿನ ಮಿಷನ್ನಿನ ಬೀಪ್ ಎಂಬ ಸದ್ದೊಂದೇ. ಹೊಗಳಿದವರದ್ದೂ ಬಯ್ದವರದ್ದೂ ಒಂದೇ ಬೀಪ್. ಮೂರು ದಿನ ಗಾಜಿನ ಮೇಲೆ ಭಾರ ಹೇರಿದ್ದ ಜನ ಅಲ್ಲಿ ಒಬ್ಬೊಬ್ಬರೇ ನಿಂತು ಬೆರಳೊತ್ತಿ ಹೋಗುತ್ತಿದ್ದರು. ಜೋಜಪ್ಪನಿಗಾಗಲಿ ಫಾದರಿಗಾಗಲಿ ಅಲ್ಲಿ ಜಾಗವಿರಲಿಲ್ಲ. ಅಂಥ ನಿಶ್ಶಬ್ದವನ್ನು ನಾನು ಚರ್ಚಿನ ಕಡೆಯಿಂದಲೂ ಕೇಳಿರಲಿಲ್ಲ.

ಮಧ್ಯಾಹ್ನ ಮೂಲೆಯಲ್ಲಿ ಕೊಡ ಇಳಿಸಿದ ಸದ್ದಾಯಿತು. ಆಮೇಲೆ ಬಹಳ ಹೊತ್ತು ಬೀಪ್ ಬರಲಿಲ್ಲ.

"ಏನಮ್ಮ, ಒತ್ತೋದು ಗೊತ್ತಾಗ್ಲಿಲ್ವಾ?" ಅಧಿಕಾರಿ ಕೇಳಿದರು.

"ಗೊತ್ತು ಸ್ವಾಮಿ" ಎಂದಳು ಆರೋಗ್ಯಮ್ಮ. ಬೀಪ್.

ಇನ್ನಾಸಪ್ಪ ಗೆದ್ದ. ಆದರೆ ಮುನ್ನೂರು ಜನ ಆಣೆಯಿಟ್ಟಿದ್ದ ನಮ್ಮ ಬೂತಿನಲ್ಲಿ ಅವನಿಗೆ ಬಿದ್ದದ್ದು ನೂರಾ ಎಂಬತ್ತು. ಕೈಕೊಟ್ಟವರು ಯಾರೆಂದು ಜೋಜಪ್ಪ ಊರೆಲ್ಲ ಮೂಸಿದ, ಯಾರ ಹೆಸರೂ ಸಿಗಲಿಲ್ಲ.

ನನಗೆ ಮಾತ್ರ ಒಂದು ಹೆಸರು ಗೊತ್ತಾಯಿತು. ಮೊದಲೆಲ್ಲ ಆರೋಗ್ಯಮ್ಮ ನಾಲ್ಕಕ್ಕೆ ಬೀಗ ಹಾಕಿ ಮನೆಗೆ ಹೋಗುತ್ತಿದ್ದಳು. ಎಲೆಕ್ಷನ್ ಮುಗಿದ ಮೇಲೆ ನನ್ನ ಕೆಳಗಿನ ಹೊಸ್ತಿಲಲ್ಲಿ ಜಪಸರ ಹಿಡಿದು ಕೂತಿರುತ್ತಿದ್ದಳು. ಐದೂವರೆಗೆ ರಾಯಪ್ಪನ ಟಿಪ್ಪರ್ ರಸ್ತೆಯಲ್ಲಿ ಸದ್ದುಮಾಡುತ್ತ ಹೋದ ಮೇಲೆಯೇ ಏಳುತ್ತಿದ್ದಳು. ನಿವೃತ್ತಿಯಾಗುವ ತನಕ ಒಂದು ದಿನವೂ ತಪ್ಪಲಿಲ್ಲ. ಆಣೆ ಉಳಿಸಿಕೊಂಡವಳು ಹಾಗೆ ಕಾಯಬೇಕಾಗಿರಲಿಲ್ಲ. ಮಕ್ಕಳ ನೀರಿಗಾಗಿ ತನ್ನ ಮಗನ ಮೇಲಿನ ಆಣೆಯನ್ನೇ ದಾಟಿದ ಆ ಹೆಂಗಸನ್ನು ನೆನೆದರೆ ಇವತ್ತಿಗೂ ನನ್ನ ಗಾಜು ತಣ್ಣಗಾಗುತ್ತದೆ.

ಈಗ ಗೋಡೆಗೆ ಹೊಳೆಯುವ ಪ್ಲಾಸ್ಟಿಕ್ ಚೌಕಟ್ಟು ಬಂದಿದೆ. ನಾನು ಚರ್ಚಿನ ಹಿಂದಿನ ಕೋಣೆಯಲ್ಲಿ ಬೀರುವಿನ ಮೇಲೆ, ಒಂದು ಮೂಲೆ ಬಿರಿದುಕೊಂಡು ಕೂತಿದ್ದೇನೆ. ಆರೋಗ್ಯಮ್ಮ ಮಣ್ಣಾಗಿ ಆರು ವರ್ಷವಾಯಿತು.

ಹೋದ ತಿಂಗಳು ಬೆಂಚು ಒಯ್ಯಲು ಒಬ್ಬ ಬಂದ. ನನ್ನನ್ನು ಇಳಿಸಿ ಟವೆಲಿನಿಂದ ಧೂಳು ಒರೆಸಿ ಮತ್ತೆ ಮೇಲಿಟ್ಟ. ಅವನು ಬೆಂಚಿಗೆ ಬಾಗಿದಾಗ ನೆತ್ತಿ ಕಂಡಿತು, ರಾಯಪ್ಪ. ಹೊರಗಿನಿಂದ ಯಾವುದೋ ಮಗು "ತಾತ" ಎಂದು ಕೂಗಿತು. ಆರೋಗ್ಯಮ್ಮ, ನಿನ್ನ ಮಗನ ತಲೆ ಪೂರ್ತಿ ಬೆಳ್ಳಗಾಗಿದೆ ಕಣಮ್ಮ.