ಹನ್ನೊಂದು ಗೇಟುಗಳು

ಬೆಳಗಿನ ಹೊತ್ತು ಆ ಬೀದಿಯಲ್ಲಿ ಗಡಿಯಾರ ನೋಡುವವರೇ ಇರಲಿಲ್ಲ. ಹಳದಿ ವ್ಯಾನು ತಿರುವಿನಲ್ಲಿ ಎರಡು ಸಲ ಹಾರ್ನ್ ಹೊಡೆಯಿತೆಂದರೆ ಏಳೂವರೆ ಆಯಿತೆಂದೇ ಅರ್ಥ. ಸ್ಟೀರಿಂಗ್ ಹಿಡಿದವಳನ್ನು ಶಾಲೆಯ ಮಕ್ಕಳು ವ್ಯಾನಕ್ಕ ಎನ್ನುತ್ತಿದ್ದರು. ಬಾಗಿಲು ತೆಗೆದು, ಬ್ಯಾಗು ಇಸಿದುಕೊಂಡು, ಒಬ್ಬೊಬ್ಬರನ್ನೇ ಹತ್ತಿಸುತ್ತಿದ್ದ ಅವಳ ಗಂಡ ಬಾಗಿಲು ಮಾಮ. ಹೆಸರಿಟ್ಟ ಪುಂಡರಲ್ಲಿ ಹೆಚ್ಚಿನವರಿಗೆ, ಮೂರು ವರ್ಷದ ಹಿಂದೆ ಆ ಸ್ಟೀರಿಂಗ್ ಅವನದೇ ಆಗಿತ್ತೆಂದು ಗೊತ್ತಿರಲಿಲ್ಲ.

ದೊಡ್ಡವರಿಗೆ ಚೆನ್ನಾಗಿ ಗೊತ್ತಿತ್ತು. ಒಂದು ಮಧ್ಯಾಹ್ನ ಕುಡಿದ ಅಮಲಿನಲ್ಲಿ ಅವನು ಮಕ್ಕಳು ತುಂಬಿದ ವ್ಯಾನನ್ನು ಶಾಲೆಯ ಗೋಡೆಗೆ ಗುದ್ದಿಸಿದ್ದ. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಆಮೇಲೆ ನಾಚಿಕೆ ತಾಳಲಾರದೆ ಅವನು ಇನ್ನಷ್ಟು ಕುಡಿದ. ಅವಳು ಡ್ರೈವಿಂಗ್ ಕಲಿತಳು. ಕೊನೆಗೊಂದು ದಿನ ಅವನು ತಾನಾಗಿಯೇ ಮದ್ಯ ಬಿಡಿಸುವ ಕೇಂದ್ರಕ್ಕೆ ಸೇರಿದ. ಬಿಟ್ಟು ಈಗ ಹತ್ತು ತಿಂಗಳು. ಸ್ಟೀರಿಂಗ್ ಕೊಡು ಎಂದು ಅವನು ಬಾಯಿಬಿಟ್ಟು ಕೇಳಿದವನಲ್ಲ. ಅವನ ಪರವಾಗಿ ಕೇಳುತ್ತಿದ್ದವರು ಅವನ ತಾಯಿ.

"ಗಂಡಸು ಅವನು. ಎಷ್ಟು ದಿನ ಅಂತ ಬಾಗಿಲು ಕಾಯ್ತಾನೆ? ಬೇಜಾರಾಗಿ ಮತ್ತೆ ಬಾಟ್ಲಿ ಹಿಡಿದರೆ ನೀನೇ ಹೊಣೆ ನೋಡು."

"ಕುಡಿದರೂ ನಾನೇ ಹೊಣೆ, ಬಿಟ್ಟರೂ ನಾನೇ ಹೊಣೆನಾ ಅತ್ತೆ? ಗಾಡೀಲಿ ಕೂರೋದು ಬೇರೆಯವರ ಮಕ್ಕಳು. ನಿಮ್ಮ ಮಗನ ಸಮಾಧಾನಕ್ಕೆ ಸ್ಟೀರಿಂಗ್ ಕೊಡೋಕಾಗಲ್ಲ."

ಹೀಗೆ ಖಡಾಖಂಡಿತವಾಗಿ ಹೇಳಿದಳೇನೋ ಸರಿ. ಆದರೆ ಅದೇ ಭಯ ಅವಳ ಹೊಟ್ಟೆಯೊಳಗೂ ಇತ್ತು. ಈ ಮನುಷ್ಯ ಮತ್ತೆ ಕುಡಿದರೆ ತಡೆದುಕೊಳ್ಳುವ ಶಕ್ತಿ ತನಗಿಲ್ಲ ಎಂಬುದು ಅವಳಿಗೊಬ್ಬಳಿಗೇ ಗೊತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಒದ್ದೆ ಮೆಟ್ಟಿಲ ಮೇಲೆ ಜಾರಿ ಬಲಗಾಲು ಉಳುಕಿಸಿಕೊಂಡಳು. ಎರಡು ವಾರ ಬ್ರೇಕು ತುಳಿಯುವ ಹಾಗಿಲ್ಲ ಎಂದರು ಡಾಕ್ಟರು.

ಅತ್ತೆಗೆ ಕೂಡಲೇ ಉಪಾಯ ಹೊಳೆಯಿತು. "ಬೇರೆ ಡ್ರೈವರ್ ಬರ್ತಾನೆ ಅಂತ ಎಲ್ಲರಿಗೂ ಫೋನ್ ಮಾಡಿಬಿಡು. ಓಡಿಸೋದು ಇವನೇ. ಮಕ್ಕಳು ಹತ್ತಿದ ಮೇಲೆ ಯಾರು ಇಳಿಸ್ತಾರೆ?"

ಅವಳ ಕೈ ಫೋನಿನತ್ತ ಹೋಗಿಯೇಬಿಟ್ಟಿತು. ಜ್ವರ, ಹೊಟ್ಟೆನೋವು, ನೆಂಟರ ಮನೆ. ಗಂಡನ ಮಾನ ಮುಚ್ಚಲು ಸುಳ್ಳು ಹೇಳಿ ಹೇಳಿ ಆ ನಾಲಿಗೆ ಪಳಗಿತ್ತು.

"ಫೋನ್ ಇಡು," ಎಂದ ಗಂಡ. "ನನಗೋಸ್ಕರ ಸುಳ್ಳು ಹೇಳಿದ್ದು ಸಾಕು. ನಾನೇ ಹೋಗಿ ಹೇಳ್ತೀನಿ."

"ಏನಂತ ಹೇಳ್ತೀರಿ?"

"ಇರೋದನ್ನ."

ಚಪ್ಪಲಿ ಮೆಟ್ಟಿ ಹೊರಟೇಹೋದ. ಹನ್ನೊಂದು ಮಕ್ಕಳು, ಹನ್ನೊಂದು ಮನೆ, ದಾರಿಯಲ್ಲಿ ಎರಡು ಮದ್ಯದಂಗಡಿ. ಅವಳು ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಕೂತಳು. ಯಾರಾದರೂ ಒಂದು ಮಾತು ಅಂದುಬಿಟ್ಟರೆ?

ಮೊದಲು ಫೋನ್ ಮಾಡಿದವರು ಒಬ್ಬ ಅಜ್ಜಿ. "ನಿನ್ನ ಗಂಡ ಬಂದಿದ್ದ ಕಣಮ್ಮ. 'ಹನ್ನೆರಡು ವರ್ಷ ಕುಡಿದೆ, ನಿಮ್ಮ ಮೊಮ್ಮಗಳಿದ್ದ ಗಾಡಿನೇ ಗೋಡೆಗೆ ಗುದ್ದಿದೆ. ಬಿಟ್ಟು ಹತ್ತು ತಿಂಗಳಾಯ್ತು. ನಾಳೆಯಿಂದ ನಾನು ಓಡಿಸ್ತೀನಿ, ಪಕ್ಕದಲ್ಲಿ ಅವಳಿರ್ತಾಳೆ. ಕಳಿಸೋದು ಬಿಡೋದು ನಿಮ್ಮಿಷ್ಟ' ಅಂದ. ನಮ್ಮನೇಲೂ ಒಬ್ಬರಿದ್ರು. ಕುಡೀತಾನೇ, 'ನಾನು ಕುಡಿಯೋದೇ ಇಲ್ಲ' ಅಂತ ಸಾಯೋವರೆಗೂ ಹೇಳ್ತಿದ್ರು. ನಾಳೆ ಮಗೂನ ಕಳಿಸ್ತೀನಮ್ಮ."

ಅವಳು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಇನ್ನೊಂದು ಫೋನು, ಒಬ್ಬ ಹುಡುಗನ ಅಪ್ಪನದು. "ನಿಮ್ಮ ಯಜಮಾನರು ಸರಿಹೋದ್ರಾ ಇಲ್ವಾ ಅಂತ ಪರೀಕ್ಷೆ ಮಾಡೋಕೆ ನನ್ನ ಮಗನೇ ಬೇಕಿತ್ತಾ? ಅವರ ಮುಖಕ್ಕೆ ಹೊಡೆದ ಹಾಗೆ ಹೇಳಿ ಕಳಿಸಿದ್ದೀನಿ." ಸರಿ ಎಂದು ಅವಳು ಫೋನ್ ಇಟ್ಟಳು. ತನ್ನ ಮಗುವಾಗಿದ್ದರೆ ತಾನೂ ಹೀಗೇ ಕೂಗಾಡುತ್ತಿದ್ದಳು.

ಅವನು ಬಂದಾಗ ದೀಪ ಹಾಕಿಯಾಗಿತ್ತು. ಹತ್ತಿರ ಬರುತ್ತಲೇ ಅವಳ ಮೂಗು ತಾನಾಗಿಯೇ ಮುಂದೆ ಹೋಯಿತು, ವರ್ಷಗಟ್ಟಲೆಯ ಅಭ್ಯಾಸ. ಅವನಿಗೆ ಗೊತ್ತಾಯಿತು. ಸಿಟ್ಟಾಗಲಿಲ್ಲ. ಬಗ್ಗಿ ಅವಳ ಮುಖದ ಹತ್ತಿರ ಉಸಿರುಬಿಟ್ಟ.

"ನೋಡ್ಕೋ. ಏನೂ ಇಲ್ಲ."

ಏನೂ ಇರಲಿಲ್ಲ. ಅವಳಿಗೇ ನಾಚಿಕೆಯಾಯಿತು.

"ಆರು ಮನೆಯವರು ಕಳಿಸ್ತಾರಂತೆ. ಐದು ಮನೆಯವರು ಬೇಡ ಅಂದ್ರು. ಅವರದೇನೂ ತಪ್ಪಿಲ್ಲ ಬಿಡು."

"ಬೇಜಾರಾಯ್ತಾ?"

"ಆಗದೆ ಇರುತ್ತಾ? ನಾಲ್ಕನೇ ಮನೆಯವರು ಬೈದು ಗೇಟು ಹಾಕ್ಕೊಂಡಾಗ ಕಾಲು ಸೀದಾ ಅಂಗಡಿ ಕಡೆಗೇ ಎಳೀತು. ಇನ್ನೂ ಏಳು ಮನೆ ಇದೆಯಲ್ಲಪ್ಪಾ ಅಂತ ಐದನೇ ಮನೆಗೆ ಹೋದೆ."

ಅವತ್ತು ಅತ್ತೆ ಸೊಸೆಗೂ ಕೂತಲ್ಲಿಗೇ ತಟ್ಟೆ ತಂದುಕೊಟ್ಟರು.

ಮರುದಿನ ವ್ಯಾನಿನಲ್ಲಿ ಆರೇ ಮಕ್ಕಳು. ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡು ಅವಳು ಪಕ್ಕದ ಸೀಟಿನಲ್ಲಿ ಕೂತಿದ್ದಳು. ಅವನೋ, ಗಾಜಿನ ಪಾತ್ರೆ ಹೊತ್ತವನ ಹಾಗೆ ಓಡಿಸುತ್ತಿದ್ದ. ಸೈಕಲ್ಲುಗಳೂ ಮುಂದೆ ಹೋದವು.

"ಮಾಮಾ, ಹೀಗೇ ಹೋದ್ರೆ ಶಾಲೆ ಬಿಡೋ ಹೊತ್ತಿಗೆ ತಲುಪ್ತೀವಿ!" ಹಿಂದಿನಿಂದ ಒಂದು ಚೂಟಿ ಮಗು ಕೂಗಿತು.

"ತಲುಪ್ತೀವಲ್ಲಾ, ಅಷ್ಟು ಸಾಕು," ಎಂದ ಅವನು, ರಸ್ತೆಯಿಂದ ಕಣ್ಣು ತೆಗೆಯದೆ. ಮಕ್ಕಳು ಗೊಳ್ಳೆಂದು ನಕ್ಕರು.

ಶಾಲೆಯ ಗೇಟಿನಲ್ಲಿ ಹೊಸ ಕಾವಲುಗಾರ ಕೈ ಅಡ್ಡ ಹಿಡಿದು ಕಿಟಕಿಯಲ್ಲಿ ಇಣುಕಿದ. "ಏನಕ್ಕಾ, ಡ್ರೈವರ್ ಬದಲಾಗಿದ್ದಾರೆ? ಯಾರಿವರು?"

"ನನ್ನ ಗಂಡ," ಎಂದಳು ಅವಳು.

ಅಷ್ಟು ಜೋರಾಗಿ ಹೇಳುವ ಅಗತ್ಯವಿರಲಿಲ್ಲ. ಹಿಂದಿನ ಎರಡು ಗಾಡಿಯವರೂ ಕತ್ತು ಚಾಚಿ ನೋಡಿದರು. ನೋಡಲಿ ಬಿಡಿ, ಅವಳು ಹೇಳಿದ್ದೇ ಅದಕ್ಕೆ.