ಕುದುರೆ ಎಂದಷ್ಟೇ ಹೇಳಿದ ಅಜ್ಜ

ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ನಗುತ್ತಲೇ ದಾಟಿಬಂದ ಸಂಗತಿಯಿದು. ಊರೊಂದರಲ್ಲಿ ಚದುರಂಗದ ಹುಚ್ಚು ಹತ್ತಿದವರ ಕೂಟವಿತ್ತು. ಎಲ್ಲರೂ ತಂತಮ್ಮ ಮನೆಯಲ್ಲೇ ಕುಳಿತು ಫೋನಿನಲ್ಲಿ ಆಡುವರು. ಅವರ ನಡೆಗಳನ್ನು ದಾಟಿಸುತ್ತಿದ್ದುದು ಕನ್ನಡಕದಂಗಡಿಯ ಮೂಲೆಯಲ್ಲಿದ್ದ ಮುದಿ ಕಂಪ್ಯೂಟರು. ಅದಕ್ಕೆ ಪ್ರೋಗ್ರಾಮು ಬರೆದವಳು ಕೂಟದ ಅತಿ ಹಿರಿಯ ಆಟಗಾರನ ಮೊಮ್ಮಗಳು. ಒಬ್ಬೊಬ್ಬ ಆಟಗಾರನಿಗೂ ಒಂದೊಂದು ಸಾಕೆಟ್ಟು, ಅಂದರೆ ಮಾತು ಬಂದುಹೋಗುವ ಬಾಗಿಲು. ಅಷ್ಟೂ ಬಾಗಿಲುಗಳಿಗೆ ಒಂದೇ ಥ್ರೆಡ್ಡು, ಒಬ್ಬನೇ ಆಳು. ಬಡಿದ ಬಾಗಿಲಿಗೆ ಓಡುವುದು ಅವನ ಕೆಲಸ. "ಒಬ್ಬನೇ ಸಾಕು" ಎಂದು ಅವಳು ಜಂಬ ಕೊಚ್ಚಿದ್ದಳು.

ಆದರೆ ಆಟ ಬಿಸಿಯೇರುವ ಹೊತ್ತಿಗೆ ಸರಿಯಾಗಿ ಎಲ್ಲರ ಹಲಗೆಗಳೂ ಗರಬಡಿದಂತೆ ನಿಲ್ಲುತ್ತಿದ್ದವು. ಅವಳ ಅಜ್ಜ ನಡೆ ಮುಗಿಸಿದ ಮೇಲಷ್ಟೇ ಮತ್ತೆ ಜೀವ ಬರುತ್ತಿತ್ತು. ಕೂಟದ ಯಜಮಾನನೂ ಆಗಿದ್ದ ಕನ್ನಡಕದಂಗಡಿಯವನು ಒಂದು ಬೆಳಿಗ್ಗೆ ಫೋನಿನಲ್ಲಿ ಹರಿಹಾಯ್ದ.

"ನೋಡಮ್ಮಾ, ನಿಮ್ಮಜ್ಜ ಯೋಚನೆಗೆ ಕೂತ್ರೆ ಊರೇ ಕಲ್ಲಾಗುತ್ತೆ! ಗೆಲ್ಲೋ ಆಟ ದಿನಾ ನನ್ನ ಕೈತಪ್ಪಿ ಹೋಗ್ತಿದೆ. ಇವತ್ತು ಸಂಜೆನೂ ನಿಂತ್ರೆ ಅವರನ್ನ ಕೂಟದಿಂದ ತೆಗೆದುಬಿಡ್ತೀನಿ."

ಕಾಲು ಮುರಿದು ಮಂಚ ಹಿಡಿದ ಅಜ್ಜನಿಗೆ ಹೊರಲೋಕವೆಂದರೆ ಆ ಕಪ್ಪು ಬಿಳುಪು ಚೌಕಗಳೇ. ಮಧ್ಯಾಹ್ನ ಅವನು ಅಭ್ಯಾಸದ ಆಟಕ್ಕೆ ಇಳಿದಾಗ ಅವಳು ಮಂಚದ ಬಳಿ ಕುರ್ಚಿ ಎಳೆದುಕೊಂಡು ಕುಳಿತಳು. ಅಜ್ಜ 'ಕುದುರೆ' ಎಂದು ಬರೆದ, ಕಳಿಸುವ ಗುಂಡಿ ಒತ್ತಿದ, ಫೋನನ್ನು ಎದೆಯ ಮೇಲಿಟ್ಟು ಕಣ್ಣು ಮುಚ್ಚಿದ.

"ಎಲ್ಲಿಗೆ ಅಂತ ಹೇಳ್ಲೇ ಇಲ್ವಲ್ಲ, ಅಜ್ಜಾ?"

"ಮೊದ್ಲು ಕುದುರೆ ಅಂತ ಹೆದರಿಸ್ಬೇಕು ಕಣೇ. ಯಾವ ಮನೆಗೆ ಅಂತ ಆಮೇಲೆ ನೋಡ್ಕೊಂಡ್ರಾಯ್ತು. ಕೂಟದೋರು ಎಷ್ಟು ಮರ್ಯಾದಸ್ಥರು ಗೊತ್ತಾ? ನಾನು ಯೋಚಿಸ್ತಿದ್ರೆ ಒಬ್ರೂ ಮಿಸುಕಾಡಲ್ಲ!"

ಅವಳು ನಾಲಿಗೆ ಕಚ್ಚಿಕೊಂಡಳು. ಬಾಗಿಲು ಬಡಿದೊಡನೆ ಓಡಿದ ಆಳು ಅರ್ಧ ಮಾತು ಕೈಗೆತ್ತಿಕೊಂಡು, ಉಳಿದರ್ಧಕ್ಕಾಗಿ ಅಜ್ಜನ ಹೊಸ್ತಿಲಲ್ಲೇ ಬಾಯಿ ತೆರೆದು ನಿಂತುಬಿಡುತ್ತಿದ್ದ! ನಿಲ್ಲೆಂದು ಬರೆದವಳು ತಾನೇ. ಕೂಡಲೇ ಪ್ರೋಗ್ರಾಮು ತಿದ್ದಿದಳು: ಪ್ರತಿ ಬಾಗಿಲಿಗೂ ಒಂದು ಚೀಲ, ಅರ್ಧ ಮಾತು ಬಂದರೆ ಅದರಲ್ಲಿ ಹಾಕಿ ಮುಂದಿನ ಬಾಗಿಲಿಗೆ ಹೋಗು, ಮಾತು ಪೂರ್ತಿಯಾದಾಗ ಎದುರಾಳಿಗೆ ಒಯ್ಯು.

ಸಂಜೆ ಅಜ್ಜ ಯಥಾಪ್ರಕಾರ 'ಕುದುರೆ' ಎಂದು ಕಣ್ಣು ಮುಚ್ಚಿದ. ಅವಳು ತನ್ನ ಫೋನಿನಲ್ಲಿ ಉಳಿದವರ ಆಟ ತೆರೆದು ನೋಡಿದಳು. ಉಳಿದ ಹಲಗೆಗಳಲ್ಲಿ ಕಾಲಾಳುಗಳು ಉರುಳಿದವು, ಆನೆಗಳು ನುಗ್ಗಿದವು. ಔಷಧದಂಗಡಿಯಾಕೆಯ ಕೈಯಲ್ಲಿ ಕನ್ನಡಕದಂಗಡಿಯವನ ರಾಜ ಮಣ್ಣುಮುಕ್ಕಿದ. ಸ್ವಲ್ಪ ಹೊತ್ತಿನಲ್ಲೇ ಅವನ ಫೋನು ಬಂತು. ಈ ಸಲ ದನಿ ಬೆಣ್ಣೆಯಂತಿತ್ತು.

"ಇವತ್ತು ನಿಲ್ಲಲೇ ಇಲ್ವೇನಮ್ಮಾ?"

"ಇಲ್ಲ ಮಾವ."

"ಒಂಚೂರೂ?"

"ಒಂಚೂರೂ ಇಲ್ಲ. ಅಜ್ಜ ಕೂಟದಲ್ಲಿ ಇರ್ತಾರೆ ತಾನೆ?"

"ಅಯ್ಯೋ, ಇರ್ಲಿ, ಇರ್ಲೇಬೇಕು! ಆದ್ರೆ ಸೋತಾಗೆಲ್ಲ ಮೆಷೀನು ನಿಂತೋಯ್ತು ಅಂತಿದ್ದೆ. ಈಗ ಹೆಂಡ್ತಿಗೆ ಏನು ಹೇಳ್ಲಿ? ವಾರಕ್ಕೊಂದು ಸಲನಾದ್ರೂ ಹಳೇ ಥರ ಮಾಡೋಕಾಗುತ್ತಾ?"

ಅಜ್ಜ ಒಂದು ಕಣ್ಣು ತೆರೆದು, ಮುಗಿದುಹೋದ ಆಟಗಳನ್ನು ನೋಡಿ ಹುಬ್ಬು ಗಂಟಿಕ್ಕಿದ.

"ಯಾರಿಗೂ ತಾಳ್ಮೆನೇ ಇಲ್ವಲ್ಲೇ! ನನ್ನ ಕುದುರೆ ಇನ್ನೂ ಹೊರಟೇ ಇಲ್ಲ."