ಬರೆದವನಿಗೇ ಗೊತ್ತಿಲ್ಲದ ಪ್ರೀತಿ

ನಾನು ಬರೆಯುವ ಟೀವಿ ಧಾರಾವಾಹಿಯ ಡಾಕ್ಟರಿಗೂ ನರ್ಸಿಗೂ ನಡುವೆ ಪ್ರೀತಿಯಿದೆಯೇ ಎಂದು ಪತ್ರಿಕೆಯವರು ಕೇಳಿದಾಗ, "ಬರೀ ಸ್ನೇಹ. ಬರೆದವನೇ ಹೇಳ್ತಿದ್ದೀನಿ, ನಂಬಿ" ಎಂದು ಎದೆಯುಬ್ಬಿಸಿದೆ.

ಅದು ಅಚ್ಚಾದ ಬೆಳಿಗ್ಗೆಯೇ ಸೋದರತ್ತೆಯ ಫೋನು. ಅವರು ಒಂದು ಕಂತನ್ನೂ ಬಿಟ್ಟವರಲ್ಲ.

"ಏನೋ, ಪೇಪರಲ್ಲಿ ಹಸಿಸುಳ್ಳು ಹೇಳಿದ್ದೀಯ?"

"ಅತ್ತೆ, ಅವರನ್ನ ಹುಟ್ಟಿಸಿದವನೇ ನಾನು!"

"ಹೆತ್ತೋರಿಗೇ ಇಂಥದ್ದೆಲ್ಲ ಕೊನೇಲಿ ಗೊತ್ತಾಗೋದು. ಅವಳು ರಜೆ ಹಾಕಿದ ದಿನ ಅವನು ಎರಡು ಸಲ ಅವಳ ಖಾಲಿ ಕುರ್ಚಿ ಕಡೆ ತಿರುಗಿ ಮಾತಾಡಿದ. ಅದನ್ನ ಯಾಕೆ ಬರೆದೆ?"

ನಿಜ ಹೇಳಬೇಕೆಂದರೆ, ಆವತ್ತು ನರ್ಸಿನ ಪಾತ್ರಧಾರಿಗೆ ಜ್ವರ. ಎರಡು ನಿಮಿಷ ತುಂಬಿಸಲು ಏನೋ ಗೀಚಿದ್ದೆ. ಹಾಗೆಂದು ಬಾಯಿಬಿಡಲಾರದೆ ಫೋನಿಟ್ಟು ಆ ಕಂತನ್ನು ಹಾಕಿ ನೋಡಿದೆ. ಡಾಕ್ಟರು ಮೊದಲ ಸಲ ತಿರುಗಿದಾಗ ನಗು ಬಂತು. ಎರಡನೇ ಸಲ ತಿರುಗಿದಾಗ ಅಲ್ಲೇ ನಿಲ್ಲಿಸಿ, ಹಿಂದಕ್ಕೆ ಹಾಕಿ ಮತ್ತೆ ನೋಡಿದೆ. ಪಾಪ, ಎಂದಿನಿಂದಲೋ ಪ್ರೀತಿಸುತ್ತಿದ್ದಾನೆ. ದಿನಾ ಅವನ ಮಾತುಗಳನ್ನು ಬರೆಯುವ ನನಗೊಬ್ಬನಿಗೇ ಸುದ್ದಿಯಿಲ್ಲ!

ಅತ್ತೆಗೆ ಮತ್ತೆ ಫೋನ್ ಮಾಡಿ ತಗ್ಗಿದ ದನಿಯಲ್ಲಿ ಕೇಳಿದೆ: "ಹಾಗಾದ್ರೆ ಅವಳಿಗೂ ಇವನ ಮೇಲೆ ಮನಸ್ಸಿದೆಯಾ, ಅತ್ತೆ?"

"ಅದನ್ನ ಅವಳೇ ಹೇಳ್ತಾಳೆ. ನೀನು ಮಧ್ಯೆ ತಲೆ ಹಾಕ್ಬೇಡ," ಎಂದರು.